ಹೊಲಿಯದೆ ಉಳಿದ ಕೋಟುಗಳು

ನಮ್ಮ ಚಿಕ್ಕೋನಿಗೆ ಸೋದರಮಾವನ ತುಂಬು ಆಶೀರ್ವಾದ.

ನೀನು ಅಂಗಡಿ ಬಿಟ್ಟು ಹೋದಮೇಲೆ ಒಂದು ಕೋಟೂ ಪೂರ್ತಿಯಾಗಿಲ್ಲ ಕಣೋ. ಬಟ್ಟೆ ಕತ್ತರಿಸುವುದು ನಿನ್ನ ಅಣ್ಣನ ಕೆಲಸ, ಹೊಲಿಯುವುದು ನಿನ್ನದು. ಅವನು ಕತ್ತರಿಸಿಟ್ಟ ತೋಳು, ಕಾಲರುಗಳು ಕಪಾಟಿನ ತುಂಬ ಬಿದ್ದಿವೆ.

ಸರ್ಕಾರ ಲಕ್ಷಾಂತರ ಜನಕ್ಕೆ ಕೆಲಸ ಕೊಡುತ್ತೇನೆ ಎಂದಿತು. ಅವತ್ತು ಟಿವಿಯಲ್ಲಿ ಅದರ ಚರ್ಚೆ ನೋಡುತ್ತ ನೀವಿಬ್ಬರೂ ಕೂಗಾಡಿದಿರಿ.

"ಕೊಟ್ಟೇ ಕೊಡ್ತಾರೆ, ನೋಡ್ತಿರು" ಅಂದ ಅವನು.

"ಹೂಂ, ನಿನ್ನ ಮೂಗಿಗೆ ತುಪ್ಪ ಸವರ್ತಾರೆ" ಅಂದೆ ನೀನು.

"ಅವರನ್ನ ಆಡಿಕೊಳ್ತೀಯಲ್ಲ, ಈ ಅಂಗಡೀಲಿ ನಿನಗೆ ಕೆಲಸ ಕೊಟ್ಟೋರು ಯಾರು?"

ಅವನು ಹಾಗೆ ಕೇಳಬಾರದಿತ್ತು. ನೀನೂ ಅಳತೆಪಟ್ಟಿಯನ್ನು ಕೊರಳಿಂದ ತೆಗೆದಿಟ್ಟು ಹೊರಟುಬಿಡಬಾರದಿತ್ತು. ಊರಿಗೆಲ್ಲ ಕೆಲಸ ಕೊಡಿಸುವ ಜಗಳದಲ್ಲಿ ಕೈಯಲ್ಲಿದ್ದ ಕೆಲಸವನ್ನೇ ನಿಲ್ಲಿಸಿಕೊಂಡಿರಲ್ಲ ಎಂದು ಸಂಕಟವಾಗುತ್ತದೆ.

ಮೊನ್ನೆ ಅವನೇ ಮೆಷಿನ್ ಮುಂದೆ ಕೂತ. ಎಡತೋಳು ಬಲಕ್ಕೆ ಸೇರಿಕೊಂಡಿತು. ನಾನು ನಕ್ಕೆ, ಅವನು ನಗಲಿಲ್ಲ.

ನಿನ್ನೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅವಳಿದ್ದ ಗಾರ್ಮೆಂಟ್ಸ್ ಮುಚ್ಚಿದೆಯಂತೆ. ಸುಮ್ಮನೆ ನಿಂತಿದ್ದ ನಿನ್ನ ಮೆಷಿನ್ ನೋಡಿ, "ಹೊಲಿಗೆ ಚೆನ್ನಾಗಿ ಬರುತ್ತೆ ಅಣ್ಣಾ, ಕೆಲಸ ಇದೆಯಾ?" ಎಂದಳು. ನಿನ್ನ ಅಣ್ಣ ನೀನು ಬಿಟ್ಟುಹೋದ ಅಳತೆಪಟ್ಟಿಯನ್ನು ಆ ಮೆಷಿನ್ ಮೇಲಿಟ್ಟ. ಆಮೇಲೆ, "ಇಲ್ಲಮ್ಮ, ಆ ಜಾಗ ಖಾಲಿ ಇಲ್ಲ" ಎಂದ. ಪಾಪ, ಅವಳು ಮೆಟ್ಟಿಲಿಳಿದು ಹೋದಳು.

ಬರುವಾಗ ಕಪ್ಪು ದಾರ ತಗೊಂಡು ಬಾ. ಇಲ್ಲಿದ್ದದ್ದೆಲ್ಲ ಅವನ ಹೊಲಿಗೆಗೇ ಮುಗಿದುಹೋಯಿತು.

ನಿನ್ನ ದಾರಿ ಕಾಯುತ್ತಿರುವ,
ಮಾವ