ಕುಳ್ಳಮ್ಮನ ಭತ್ತ, ನಾಗಾರ್ಜುನರ ಸಹಾಯಧನ

ಬೆಳೆ ಸಹಾಯಧನ ಹಂಚುವ ಮಾನ್ಯ ಅಧಿಕಾರಿಗಳೇ,

ಪಾಂಡವಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ಬೆಳೆ ಸಮೀಕ್ಷೆ ಮಾಡಿದವಳು ಪವಿತ್ರ ಎಂದು ನಿಮ್ಮ ದಾಖಲೆ ಹೇಳುತ್ತದೆ. ಅದು ಸುಳ್ಳು. ಗದ್ದೆ ಗದ್ದೆ ಸುತ್ತಿ ಫೋಟೋ ತೆಗೆದವನು ಅವಳ ತಮ್ಮನಾದ ನಾನು. ಈ ಕೆಲಸಕ್ಕೆ ಓದಿದವರೇ ಬೇಕು ಎಂದಿರಿ. ಅಕ್ಕ ಪಿಯುಸಿ ಪಾಸು, ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅಕ್ಕನಿಗೆ ಹೇಳಿಯೇ ಬರೆಯುತ್ತಿದ್ದೇನೆ. ನನ್ನ ಮೇಲೆ ಕ್ರಮ ಕೈಗೊಳ್ಳಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮುನ್ನ ಇನ್ನೊಂದು ಸುಳ್ಳನ್ನು ನೋಡಿ. ಅದು ನಿಮ್ಮದು.

ನಾಲೆಯ ಪಕ್ಕದ ಗದ್ದೆಯ ಪಹಣಿ ನಾಗಾರ್ಜುನ ಎಂಬುವರ ಹೆಸರಿನಲ್ಲಿದೆ. ಅವರಿಗೆ ಮೈಸೂರಿನಲ್ಲಿ ಟೈಲ್ಸ್ ಅಂಗಡಿ. ಗದ್ದೆ ಗೇಯುತ್ತಿದ್ದವರು ಕುಳ್ಳಮ್ಮ, ವಾರಕ್ಕೆ. ಅಂದರೆ ಅರ್ಧ ಬೆಳೆ ಒಡೆಯರಿಗೆ ಎಂಬ ಬಾಯಿಮಾತಿನ ಮೇಲೆ. ನಾಟಿ, ಕಳೆ, ಗೊಬ್ಬರ ಎಲ್ಲವೂ ಕುಳ್ಳಮ್ಮನದು. ಬೆಳೆಯ ಹೆಸರಿನಲ್ಲಿ ನೀವು ಕೊಡುವ ಸಹಾಯಧನ ಮಾತ್ರ ನೇರವಾಗಿ ಟೈಲ್ಸ್ ಅಂಗಡಿಗೆ. ಭತ್ತ ಅಲ್ಲೇ ಬೆಳೆಯುತ್ತದೆ ಎಂದು ನಿಮಗೆ ಯಾರು ಹೇಳಿದರು?

ಕಳೆದ ಮುಂಗಾರಿನ ಸಮೀಕ್ಷೆಯಲ್ಲಿ ನನಗೆ ತಡೆಯಲಾಗಲಿಲ್ಲ. ಫೋಟೋದಲ್ಲಿ ನಿಲ್ಲಿ ಎಂದು ಕುಳ್ಳಮ್ಮನನ್ನು ಕರೆದೆ.

"ನನ್ನೂ ಸೇರುಸ್ಕತೀಯೇನ್ಲಾ? ತಡಿ, ಕಾಲಾದ್ರೂ ತೊಳ್ಕಂಬತ್ತೀನಿ."

"ಬ್ಯಾಡ ಕಣಮ್ಮೋ, ಕೆಸ್ರೇ ಇರ್ಲಿ. ಅದೇ ಸಾಕ್ಷಿ."

ಅವರು ನಗುತ್ತಾ ಪೈರಿನ ನಡುವೆ ನಿಂತರು. ಫೋಟೋದ ಕೆಳಗೆ ಷರಾ ಬರೆದೆ: ಬೆಳೆದವರು ಕುಳ್ಳಮ್ಮ. ಇದನ್ನು ನೋಡಿ ನೀವು ಸತ್ಯ ತಿಳಿಯುತ್ತೀರಿ ಎಂದುಕೊಂಡಿದ್ದೆ. ನೋಡಿದವರು ನಾಗಾರ್ಜುನ, ಪಹಣಿದಾರರಿಗೆ ಸಮೀಕ್ಷೆ ತೋರಿಸುವ ನಿಮ್ಮದೇ ಆ್ಯಪ್‌ನಿಂದ, ತಮ್ಮ ಮೊಬೈಲಿನಲ್ಲಿ. ಮಾರನೇ ದಿನವೇ ಕಾರು ಬಂತು.

"ಏನಮ್ಮ, ಹುಡುಗನ್ನ ಹಿಡ್ಕೊಂಡು ನನ್ನ ಗದ್ದೆ ಬರೆಸ್ಕೊಳ್ತೀಯಾ?"

ಕೊಯ್ಲು ಮುಗಿಯುತ್ತಲೇ ಗದ್ದೆ ಬಿಡಿಸಿಕೊಂಡರು. ಈಗ ಇನ್ನೊಬ್ಬರಿಗೆ ಕೊಟ್ಟಿದ್ದಾರೆ, ಅದೂ ಬಾಯಿಮಾತಿನ ಮೇಲೆ. ಸಹಾಯಧನಕ್ಕೆ ಒಂದು ದಿನದ ಅಡಚಣೆಯೂ ಆಗಲಿಲ್ಲ.

ನ್ಯಾಯ ಕೇಳಲು ನಿಮ್ಮ ಕಚೇರಿಗೆ ಹೋದೆ. "ವಾರಕ್ಕೆ ಗೇಯೋರು ಅಂತ ನಮ್ಮಲ್ಲಿ ಯಾರೂ ಇಲ್ಲ ಕಣಪ್ಪ. ಕಾಲಮ್ಮೇ ಇಲ್ಲ" ಎಂದರು ನಿಮ್ಮ ಸಿಬ್ಬಂದಿ. ಹಾಗಾದರೆ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬೇರೆಯವರ ಗದ್ದೆ, ಹೊಲಗಳಲ್ಲಿ ಸೊಂಟ ಬಗ್ಗಿಸಿರುವವರೆಲ್ಲ ಯಾರು, ಸ್ವಾಮಿ? ಹವಾ ಸೇವನೆಗೆ ಬಂದವರೇ? ಇಲ್ಲದವರು ಬೆಳೆದ ಭತ್ತಕ್ಕೆ ನೀವು ಕೊಟ್ಟದ್ದು ಯಾವ ಲೆಕ್ಕದ ಸಹಾಯಧನ?

ಕುಳ್ಳಮ್ಮ ನನ್ನನ್ನು ಬೈಯಲಿಲ್ಲ. "ನಿನ್ ಸತ್ಯ ನಿನ್ನತ್ರನೇ ಮಡಿಕಂಡಿದ್ರೆ ನಂಗೆ ಗದ್ದೆ ಉಳೀತಿತ್ತು ಕಣ್ಲಾ" ಎಂದರು, ಅಷ್ಟೇ. ಈ ಮಾತಿಗೆ ಉತ್ತರ ಕೊಡಬೇಕಾದವನು ನಾನೊಬ್ಬನೇ ಅಲ್ಲ.

ಗೇಯುವವರ ಹೆಸರಿಗೆ ಒಂದು ಕಾಲಮ್ಮು ಮಾಡಿ. ಹೆಸರು ಬರೆಸಿದ ತಪ್ಪಿಗೆ ಯಾರೂ ಗದ್ದೆ ಕಳೆದುಕೊಳ್ಳದ ಹಾಗೆ ಆದೇಶ ಹೊರಡಿಸಿ. ಆ ಗದ್ದೆಯ ಸಹಾಯಧನವನ್ನು ತಡೆಹಿಡಿದು, ಊರಿನವರ ಎದುರು ನಿಂತು ವಿಚಾರಣೆ ಮಾಡಿ. ನಾನು ಬಂದು ಹೇಳಿಕೆ ಕೊಡುತ್ತೇನೆ. ಕುಳ್ಳಮ್ಮ ಬರಲಾರರು. ಮಾಕವಳ್ಳಿ ಕಡೆ ಕಬ್ಬು ಕಡಿಯುವ ಕೂಲಿ ಸಿಕ್ಕಿದೆ. ನಾಳೆ ಬೆಳಿಗ್ಗೆ ಹೊರಡುತ್ತಿದ್ದಾರೆ.

ಇಂತಿ,
ನಿಮ್ಮನ್ನು ನಂಬಿ ಷರಾ ಬರೆದ
ಕುಮಾರ್