ಮೂರನೇ ಎಪಿಸೋಡು

ಅಪ್ಪಾ,

ಕೇಬಲ್ ಬಿಡಿಸಿ ಮೂರು ಆ್ಯಪ್ ಹಾಕಿಸಿದವಳು ನಾನೇ. ಖರ್ಚು ಇಳಿಯುವ ಬದಲು ಏರಿತು, ಸಾರಿ. ಫೋನಿನಲ್ಲಿ ನೀವು "ಚೆನ್ನಾಗಿದೆ ಕಣಮ್ಮಾ" ಅಂತೀರಿ. ಆದರೆ ಇಬ್ಬರದೂ ಒಂದೇ ಅಕೌಂಟ್, ನೀವು ನೋಡಿದ್ದೆಲ್ಲ ಹಾಸ್ಟೆಲಿನಲ್ಲಿ ನನ್ನ ಮೊಬೈಲಿನಲ್ಲೂ ಕಾಣಿಸುತ್ತದೆ. ಎಲ್ಲ ಸೀರಿಯಲ್‌ಗಳೂ ಮೂರನೇ ಎಪಿಸೋಡಿಗೇ ನಿಂತಿವೆ. "ಇನ್ನೂ ನೋಡುತ್ತಿದ್ದೀರಾ?" ಎಂದು ಟಿವಿ ಕೇಳುವಾಗ ನಿಮ್ಮ ಎರಡೂ ಕೈ ಹೊಲಿಗೆ ಮೆಷಿನ್ನಿನ ಮೇಲಿರುತ್ತವೆ, ಅಲ್ಲವಾ? ರಿಮೋಟ್ ಒತ್ತುವವರಿಲ್ಲದೆ ಅದು ನಿಂತುಬಿಡುತ್ತದೆ, ಆಮೇಲೆ ಮನೆಯಲ್ಲಿ ಮೆಷಿನ್ ಸದ್ದೊಂದೇ. ಕ್ಲಾಸಿನಲ್ಲಿ ಕಣ್ಣು ಮುಚ್ಚಿದರೆ ಆ ಸದ್ದು ನೀಲಿ ದಾರದಂತೆ ತೇಲುತ್ತಾ ನನ್ನ ಬೆಂಚಿನವರೆಗೂ ಬರುತ್ತದೆ.

ಪ್ಲೀಸ್, ಕೇಬಲಿನವರನ್ನು ಕರೆಸಿ, ಕೇಬಲ್ ಆದರೆ ಏನೂ ಕೇಳದೆ ಓಡುತ್ತಿರುತ್ತದೆ. ಎರಡು ಆ್ಯಪ್ ತೆಗೆಸಿ, ಒಂದು ಇರಲಿ. ಬೆಳಿಗ್ಗೆ ಮೆಷಿನ್ನಿಗೆ ದಾರ ಪೋಣಿಸುವಾಗ ಅದರಲ್ಲಿ ಏನಾದರೂ ಒಂದು ನಿಮಿಷ ಹಾಕಿ. ಎಷ್ಟು ನೋಡಿದಿರಿ ಅಂತ ತೋರಿಸುವ ಗೆರೆ ನಾಲ್ಕನೇ ಎಪಿಸೋಡಿನಲ್ಲಿ ಚೂರು ಸರಿದರೂ ಸಾಕು, ನೀವು ಎದ್ದಿದ್ದೀರಿ ಅಂತ ನನಗೆ ಗೊತ್ತಾಗುತ್ತದೆ.

ನಿಮ್ಮ
ಪುಟ್ಟಿ