ಸೋತ ಚಿಮ್ಮಂಡೆಯೂ ಗಡಹಿಂಗ್ಲಜದ ಬಸ್ಸೂ

ಕೊಲ್ಹಾಪುರ
೯ ಅಕ್ಟೋಬರ್ ೨೦೨೪

ನೂಲದ ಬೆಲ್ಲದ ವ್ಯಾಪಾರಿಗಳೂ ಮೌನವ್ರತಧಾರಿಗಳೂ ಆದ ಸಿದ್ಧಲಿಂಗ ಯಜಮಾನರಿಗೆ ಹೆಂಡತಿ ನೇತ್ರಾಳ ನಮಸ್ಕಾರ.

ಫೋನ್ ಎತ್ತುವುದಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಇಪ್ಪತ್ತೆರಡು ದಿನ ಆಯಿತು. ಅದಕ್ಕೇ ಈ ಕಾಗದ.

ಅಪರಾಧದ ವಿವರ ಹೀಗಿದೆ. ನನ್ನ ಪಿಎಚ್‌ಡಿಗೆಂದು ನಮ್ಮ ಕಬ್ಬಿನ ಹೊಲದಲ್ಲೇ ಹಿಡಿದ ಇಪ್ಪತ್ನಾಲ್ಕು ಗಂಡು ಚಿಮ್ಮಂಡೆ ಹುಳಗಳನ್ನು ಒಂದೊಂದಾಗಿ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೆ. ನಾನು ಜಳಕಕ್ಕೆ ಹೋದಾಗ ತಾವು ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು, ಮೇಲೆ ರೊಟ್ಟಿ ಚೂರು ಉದುರಿಸಿದಿರಿ. ಯಾಕ್ರೀ ಅಂದರೆ, ಬ್ಯಾರೆ ಬ್ಯಾರೆ ಇದ್ರ ಜೀವಕ್ಕ ಬ್ಯಾಸರ ಆಗೂದಿಲ್ಲೇನ ಅಂತ ನನ್ನನ್ನೇ ಕೇಳಿದಿರಿ. ಊಟದ ಹೊತ್ತಿಗೆ ತಮ್ಮತಮ್ಮಲ್ಲೇ ಕಾದಾಡಿ ಒಂಬತ್ತು ಹುಳಗಳ ಕಾಲು ಮುರಿದಿತ್ತು. ಅದಕ್ಕೆ ನಾನು ಎರಡು ಮಾತು ಅಂದೆ. ಎರಡೇ.

ಈಗ ವಿಜ್ಞಾನ ಕೇಳಿರಿ. ಚಿಮ್ಮಂಡೆಯ ನರದ ಗಂಟುಗಳಲ್ಲಿ ಆಕ್ಟೋಪಮೈನ್ ಎಂಬ ಕೆಚ್ಚಿನ ರಸ ತಯಾರಿಸುವ ಕೋಶಗಳು ಎಲ್ಲೆಲ್ಲಿ ಕೂತಿವೆ ಎಂದು, ಬಣ್ಣ ಹಾಕಿ ಎಣಿಸಿ ನಕಾಶೆ ಬರೆಯುವುದು ನನ್ನ ಕೆಲಸ. ಜಗಳ ಗೆದ್ದ ಚಿಮ್ಮಂಡೆ ಕಿರ್ರ್ ಎಂದು ಹಾಡುತ್ತದೆ. ಸೋತದ್ದು ಮೂಲೆ ಹಿಡಿಯುತ್ತದೆ. ತಾಸುಗಟ್ಟಲೆ ಯಾರೆದುರಿಗೂ ಬರುವುದಿಲ್ಲ. ಯಾರ ನೆನಪಾಯಿತು ಅಂತ ಬರೆಯುವುದಿಲ್ಲ. ಆದರೆ ಆ ಸೋತ ಹುಳವನ್ನು ಗಾಳಿಯಲ್ಲಿ ನಾಲ್ಕು ಸಲ ಹಾರಿಸಿದರೆ ಸಾಕು, ಮೀಸೆ ಕುಣಿಸುತ್ತ ಮತ್ತೆ ಎದುರು ನಿಲ್ಲುತ್ತದೆ.

ಆದ್ದರಿಂದ ತಾವು ಗಡಹಿಂಗ್ಲಜದಲ್ಲಿ ಕೊಲ್ಹಾಪುರದ ಕೆಂಪು ಎಸ್‌ಟಿ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂಡತಕ್ಕದ್ದು. ಹಾರಿಸುವ ಕೆಲಸ ರಸ್ತೆ ನೋಡಿಕೊಳ್ಳುತ್ತದೆ.

ನಾನು ಆರಾಮ. ಐವತ್ತೇಳು ಕೋಶದ ತನಕ ಎಣಿಸುತ್ತೇನೆ, ಫೋನ್ ನೋಡುತ್ತೇನೆ, ಮತ್ತೆ ಒಂದರಿಂದ ಶುರು. ಪಕ್ಕದ ಮೇಜಿನ ಮೃಣಾಲ, ಹುಳಕ್ಕೆ ಹುಷಾರಿಲ್ಲವೋ ನಿನಗೋ ಅಂತ ಕೇಳಿದಳು. ಹುಳಕ್ಕೆ ಅಂದೆ.

ಶನಿವಾರ ದಸರೆ. ಬನ್ನಿ ಕೊಡಲು ಮನೆಗೆ ಬರಲೋ ಬೇಡವೋ, ಅದನ್ನಾದರೂ ಹೇಳಿರಿ.

ತಮ್ಮ ಬಾಯಿಬಡಕಿ,
ನೇತ್ರಾ

ತಾ.ಕ.: ಶನಿವಾರ, ಬಸ್ಸು ಕಾಗಲ ದಾಟಿದೆ. ಕಾಗದ ಅಂಚೆಗೆ ಹಾಕಲಿಲ್ಲ. ಅಕ್ಷರ ಸೊಟ್ಟಗಿದ್ದರೆ ಹಿಂದಿನ ಸೀಟಿನ ತಪ್ಪು. ಆ ಎರಡು ಮಾತು ಏನೆಂದು ಮೇಲೆ ಬರೆಯಲಿಲ್ಲ ನೋಡಿರಿ. ಆಳುಗಳೆದುರು, ಬೆಲ್ಲ ತೂಗೋರಿಗೆ ನನ್ನ ಕೆಲಸ ಏನ್ ತಿಳೀತದ ಅಂದಿದ್ದೆ. ಅದನ್ನು ವಾಪಸ್ ತಗೊಳ್ಳಲು ಎದುರು ಬರುವ ಕೆಚ್ಚು ಇಷ್ಟು ದಿನ ಇರಲಿಲ್ಲ. ಮೂಲೆ ಹಿಡಿದದ್ದು ನಾನೇ ರೀ. ಇನ್ನು ನಿಮ್ಮ ಪ್ರಶ್ನೆಗೆ ಉತ್ತರ: ಆಗ್ತದ್ರಿ, ಭಾಳ ಬ್ಯಾಸರ ಆಗ್ತದ. ಓದಿ ಮುಗಿದಿದ್ದರೆ ತಲಿ ಎತ್ರಿ. ಎದುರಿಗೇ ನಿಂತೇನಿ.